ಲೈನ್ ಕ್ಲಿಯರ್

ಇಪ್ಪತ್ತೈದು ನಿಮಿಷ. ಶನಿವಾರ, ಸಂಜೆ ನಾಲ್ಕೂವರೆಗೆ.
ಆಲ್ಕೊಳದ ಹತ್ತಿರದ ವಿದ್ಯುತ್ ಕಚೇರಿ, ಮಹಡಿಯ ಮೇಲೆ.
ಹದಿನಾಲ್ಕು ಜನ, ಹದಿನಾಲ್ಕು ಕುರ್ಚಿ,
ಅದರಲ್ಲೊಂದಕ್ಕೆ ಕೈಯಿಲ್ಲ.
ನನ್ನದೇ ಕರೆಂಟ್ ಬಿಲ್ಲಿನ ಬೆನ್ನಿಗೆ
ಪೆನ್ಸಿಲ್ಲಿನಲ್ಲಿ ಬರೆಯುತ್ತ ಕೂತಿದ್ದೇನೆ:

ಮೂರು ನಿಮಿಷ, ಅಂಗೈ ಉಜ್ಜಿ ಕಣ್ಣಿಗೆ.
ಐದು ನಿಮಿಷ, ಬೀಸುವ ಕಲ್ಲು ತಿರುಗಿದ ಹಾಗೆ ಸೊಂಟ.
ನಾಲ್ಕು, ಅಗ್ನಿಯ ಉಸಿರು: ಹೊಕ್ಕುಳು ಒಳಕ್ಕೆ, ಗಾಳಿ ಹೊರಕ್ಕೆ.
ಆಮೇಲೆ ಮಂತ್ರ.
ಆಮೇಲೆ ಎಲ್ಲರನ್ನೂ ಮಲಗಿಸುವುದು.

ಎಲ್ಲಿ ಮಲಗಿಸಲಿ? ನೆಲದ ತುಂಬ
ಹಳೆಯ ಮೀಟರುಗಳ ಗೋಣಿಚೀಲ.
ಹೊಡೆದು ಹಾಕಿದೆ.
ಕ್ಯಾಷ್ ಕೌಂಟರಿನ ಫಿಲೋಮಿನಾಗೆ ಬಿ.ಪಿ.
ಬಿಲ್ಲಿಂಗಿನ ಸುಮಿತ್ರೆಗೆ ಐದೋ ಆರೋ ತಿಂಗಳು;
ಅವಳು ಹೇಳಲಿಲ್ಲ, ಕೈ ಹೊಟ್ಟೆಗೆ ಹೋದ ಬಗೆ ಹೇಳಿತು.
ಅಗ್ನಿ ಆರಿತು.
ಸ್ಟೋರಿನ ಕೌಸರ್ ಬಾನು ಮೆತ್ತಗೆ ಕೇಳಿದ್ದಳು,
"ಬಾಯಲ್ಲಿ ಏನಾದ್ರೂ ಹೇಳ್ಬೇಕಾ ಮೇಡಂ?"
ಬೇಡಮ್ಮ. ಎಣಿಸೋಣ, ಒಂದರಿಂದ ನಾಲ್ಕು.
ಅಂಕಿಗೆ ಮನೆದೇವರಿಲ್ಲ.

ಉಳಿದದ್ದು ಎರಡು ಸಾಲು,
ಮತ್ತು ಮೇಲೆ ದಪ್ಪಕ್ಷರದಲ್ಲಿ ಮೊದಲೇ ಬರೆದಿಟ್ಟ ಮಾತು:
ಬೆನ್ನುಹುರಿಯ ಬುಡದಲ್ಲಿ ಸುರುಳಿ ಸುತ್ತಿ ಮಲಗಿದ ಶಕ್ತಿ
ಮಿಂಚಿನ ಹಾಗೆದ್ದು ನೆತ್ತಿಗೇರುತ್ತದೆ.
ಹನ್ನೆರಡು ವರ್ಷದಿಂದ ಹೇಳುತ್ತಿದ್ದೇನೆ ಇದನ್ನು,
ಬ್ಯಾಂಕಿನಲ್ಲಿ, ನರ್ಸಿಂಗ್ ಹಾಸ್ಟೆಲಿನಲ್ಲಿ,
ವಿನೋಬನಗರದ ಮಹಿಳಾ ಸಂಘದಲ್ಲಿ.
ಒಬ್ಬರೂ ಬೆಚ್ಚಿಲ್ಲ.

ಮೊನ್ನೆ ಜಾಗ ನೋಡಲು ಹೋದಾಗ
ಲೈನ್‌ಮನ್ ಗುತ್ಯಪ್ಪ ಮೆಟ್ಟಿಲ ಮೇಲೆ ಕೂತು
ರಬ್ಬರಿನ ಕೈಗವಸಿಗೆ ಗಾಳಿ ತುಂಬಿ,
ತೂತಿದೆಯೋ ಎಂದು ಕೆನ್ನೆಗೆ ಹಿಡಿದು ನೋಡುತ್ತಿದ್ದ.
ನಾನು ನಗುತ್ತ ಅಂದೆ:
ನಿಮ್ಮದೇ ಪಾಠ ನಾನು ಮಾಡೋದು, ಕರೆಂಟು ಹತ್ತಿಸೋದು.

ಅವನು ನಗಲಿಲ್ಲ.
"ಹತ್ತಿಸೋದು ಸುಲಭ ಮೇಡಂ.
ಮುಟ್ಟೋಕೆ ಮುಂಚೆ ಲೈನ್ ಕ್ಲಿಯರ್ ತಗಬೇಕು.
ಸ್ಟೇಷನ್ನಿಗೆ ಫೋನ್ ಮಾಡಿ, ನಂಬರ್ ಬರಕಂಡು,
ಸ್ವಿಚ್ ಬಿಡಿಸಿ, ಆಮೇಲೂ ನಂಬಬಾರ್ದು.
ತಂತಿಗೆ ರಾಡ್ ಹಾಕಿ ಭೂಮಿಗೆ ಕಟ್ಟಬೇಕು.
ಸತ್ತ ಲೈನು ಅಂತಾರಲ್ಲ,
ಯಾರದೋ ಮನೆ ಜನರೇಟರು
ಹಿಂದಿನಿಂದ ಜೀವ ಕೊಡ್ತದೆ ಅದಕ್ಕೆ."

ಕೈಗವಸಿನ ಗಾಳಿ ನಿಧಾನ ಇಳಿಯಿತು.
ಗೋಡೆಯ ಡ್ಯೂಟಿ ಪಟ್ಟಿಯಲ್ಲಿ
ಬೀರೇಶ, ಜೂನಿಯರ್ ಪವರ್‌ಮನ್, ಅಂತ ಇನ್ನೂ ಇತ್ತು.
ಹೆಸರಿನ ಮುಂದಿನ ಮನೆಗಳೆಲ್ಲ ಖಾಲಿ.
"ಹುಡುಗರ ಮನಸ್ಸಿಗೆ ಏನಾದರೂ ಮಾಡಿ" ಎಂದಿದ್ದರು ಸಾಹೇಬರು ಫೋನಿನಲ್ಲಿ.
ಯಾಕೆಂದು ನಾನು ಕೇಳಿರಲಿಲ್ಲ.
ಫೀಸು ಎಷ್ಟೆಂದು ಹೇಳಿದ್ದೆ.

ಈಗ ರಾತ್ರಿ ಹತ್ತೂವರೆ. ಪೆನ್ಸಿಲ್ ಮೊಂಡಾಗಿದೆ.
ಮಿಂಚನ್ನು ಅಳಿಸಿದೆ, ಏರುವುದನ್ನೂ.
ಸುರುಳಿಗೆ ಬಂದಾಗ ಕೈ ತಡೆಯಿತು.
ಇರಲಿ. ಮಲಗಿದ್ದು ಮಲಗಿರಲಿ ಒಂದು ಶನಿವಾರ,
ಕಲಿಸಿದವರು ಕ್ಷಮಿಸಲಿ.
ಹೊಸದಾಗಿ ಬರೆದೆ:

ಬೂಟು ಬಿಚ್ಚಿ. ಹಿಮ್ಮಡಿ ಪೂರ್ತಿ ನೆಲಕ್ಕೆ.
ಬಿಡುವ ಉಸಿರೆಲ್ಲ ಕೆಳಕ್ಕೆ:
ಭುಜದಿಂದ ಸೊಂಟಕ್ಕೆ, ಸೊಂಟದಿಂದ ಮಂಡಿಗೆ,
ಪಾದದಿಂದ ಮಹಡಿಗೆ, ಮಹಡಿಯಿಂದ ಕಂಬಕ್ಕೆ,
ಕಂಬದಿಂದ ಮಣ್ಣಿಗೆ.
ಗುತ್ಯಪ್ಪನ ಬೆನ್ನಿಗೊಂದು ದಿಂಬು ಒಯ್ಯಬೇಕು.
ಕೊನೆಯ ಆರು ನಿಮಿಷಕ್ಕೆ ಏನೂ ಬರೆದಿಲ್ಲ.
ಬೀರೇಶನ ಮಾತು ಬಂದರೆ ಬರಲಿ;
ಬಾರದಿದ್ದರೆ ಫ್ಯಾನಿನ ಸದ್ದಿದೆ.

ಹದಿಮೂರು ಕುರ್ಚಿ ದುಂಡಗೆ.
ಹದಿನಾಲ್ಕನೆಯದು, ಆ ಕೈಯಿಲ್ಲದ್ದು, ದೂರಿನ ಫೋನಿನ ಪಕ್ಕ.
ಯಾರಾದರೂ ಒಬ್ಬರು ಅಲ್ಲಿ ಕೂರಲೇಬೇಕಂತೆ.
ಅವರಿಗೂ ಒಂದು ಸಾಲು, ಬಿಲ್ಲಿನ ಅಂಚಿನಲ್ಲಿ:
ರಿಂಗಾದರೆ, ಒಂದು ಉಸಿರು ಪೂರ್ತಿ ಬಿಟ್ಟು
ಆಮೇಲೆ ಎತ್ತಿ.