ಯಾವ ನಾಲ್ಕು?

ಪಿ.ಜೆ. ಬಡಾವಣೆಯಲ್ಲಿ ಎರಡನೇ ಮಹಡಿ.
ಮೇಜಿನಾಚೆ ಮೂವರು. ತಲೆಯ ಮೇಲೆ ಕಿರುಗುಟ್ಟುವ ಫ್ಯಾನು.
"ರೇಷ್ಮಾಬಾನು, ತಂದೆ ಬುಡೇನ್‌ಸಾಬ್,
ಬಿ.ಎ., ಮೂರನೇ ದರ್ಜೆ," ಓದಿಕೊಂಡರು ಕನ್ನಡಕದವರು,
ಆ ಮೂರನೆಯದರ ಮೇಲೆ ಕೊಂಚ ಹೊತ್ತು ನಿಂತು.
ಆಮೇಲೆ ಕೇಳಿದರು:
"ಅಸ್ಪಷ್ಟವಾದ ಗುರಿಯೊಂದನ್ನು
ಸ್ಪಷ್ಟ ಯೋಜನೆಯಾಗಿ ಮಾಡಿದ್ದುಂಟೆ? ಉದಾಹರಣೆ ಕೊಡಿ."

ಉತ್ತರ ಇತ್ತು ನನ್ನ ಹತ್ತಿರ, ರಾತ್ರಿಯೆಲ್ಲ ಉರು ಹೊಡೆದದ್ದು:
ಗುರಿಯನ್ನು ತುಂಡು ಮಾಡುವುದು, ತುಂಡಿಗೊಂದು ತಾರೀಖು ಹಚ್ಚುವುದು,
ವಾರಕ್ಕೊಮ್ಮೆ ಅಳೆಯುವುದು. ಬಾಯಿ ತೆರೆದರೆ
ಬಂದದ್ದು ಮಂಡಕ್ಕಿ ಭಟ್ಟಿ.

ಸರ್, ನಮ್ಮ ಓಣಿಯ ಹೆಂಗಸರು
ಕಾದ ಮರಳಿನ ಮುಂದೆ ನಿಂತು ದಿನಾ ಅನ್ನೋ ಮಾತೊಂದಿದೆ:
"ನಾವೂ ನಾಕಕ್ಷರ ಕಲೀಬೇಕಿತ್ತು."
ಅಮ್ಮಿ ಅಂದಿದ್ದಳು, ನಾನಿಯೂ ಅಂದಿದ್ದಳಂತೆ.
ಅಕ್ಕಿ ಅರಳುತ್ತೆ, ಚೀಲ ತುಂಬುತ್ತೆ, ಲಾರಿ ಹೋಗುತ್ತೆ,
ಮಾತು ಅಲ್ಲೇ ಉಳಿಯುತ್ತೆ.
ಒಂದು ಸಂಜೆ ಗೌಸಿಯಾಬಿ ಹಾಗಂದಾಗ
ಸುಮ್ಮನೆ ಕೇಳಿಬಿಟ್ಟೆ: ಯಾವ ನಾಕು, ಖಾಲಾ?

ಅವಳು ಜರಡಿ ಕೆಳಗಿಟ್ಟಳು.
ಯಾರೂ ಅದನ್ನು ಕೇಳಿರಲಿಲ್ಲ.
ಬಹಳ ಹೊತ್ತಾದ ಮೇಲೆ ಅಂದಳು: ಹರಿಹರ.
ಮಗಳನ್ನು ಕೊಟ್ಟ ಊರು. ಹೋದ ರಂಜಾನಿಗೆ
ಶಾವಿಗೆ ಗಂಟು ಹಿಡಿದು ಹತ್ತಿದ್ದು ಹರಪನಹಳ್ಳಿ ಬಸ್ಸು;
ಕಂಡಕ್ಟರ್ ಟಿಕೆಟ್ ಕೇಳುವ ಹೊತ್ತಿಗೆ ಊರು ದಾಟಿತ್ತು,
ಇಳಿಸಿದ ಕಡೆ ಬರೀ ಮೆಕ್ಕೆಜೋಳ.

ಎಣಿಸಿದೆವು. ಹ, ರಿ, ಹ, ರ. ಸರಿಯಾಗಿ ನಾಲ್ಕು!
ಲೆಕ್ಕಕ್ಕೆ ಎರಡೇ, ತಿರುಗಿ ತಿರುಗಿ ಬರುತ್ತವೆ.
ಭಟ್ಟಿಯ ಗೋಡೆಯೇ ಪಾಟಿ. ಮಸಿಯ ಮೇಲೆ ಬೆರಳಾಡಿಸಿದರೆ
ಒಳಗಿನ ಸುಣ್ಣ ಅಕ್ಷರವಾಗುತ್ತಿತ್ತು,
ಬೆಳಗಾಗುವುದರೊಳಗೆ ಹೊಗೆಯೇ ಒರೆಸಿಡುತ್ತಿತ್ತು.
ರ-ಕ್ಕೆ ಗುಡಿಸು ಕೊಟ್ಟರೆ ರಿ, ಅಂದೆ.
ಹೊನ್ನೂರವ್ವ ನಕ್ಕಳು:
"ಗುಡಿಸೋದನ್ನ ನೀನು ನಮಗೆ ಹೇಳಿಕೊಡ್ತೀಯೇನು?"
ಹದಿನೇಳು ದಿನ ಹಿಡಿಯಿತು ಆ ಗುಡಿಸು.

"ಖರ್ಚು?" ಅಂದರು ತುದಿಯಲ್ಲಿ ಕೂತ ಮೇಡಂ.
ಏನಿಲ್ಲ. ಬೆರಳು ಒರೆಸಿ ಒರೆಸಿ ಒಂದು ಸೆರಗು ಹಾಳಾಯಿತು.
"ಎಲ್ಲರೂ ಕಲಿತರೇ?"
ಇಲ್ಲ ಮೇಡಂ. ದುರುಗಮ್ಮ ನಾಲ್ಕನೇ ದಿನಕ್ಕೇ ಬಿಟ್ಟಳು.
ಅವಳಿಗೆ ಬೇಕಿದ್ದದ್ದು ಅಂಕಿ:
ಗುಮಾಸ್ತ ತನ್ನ ಚೀಲಗಳನ್ನು ಏಳು ಅಂತ ಬರೆದನೋ, ಒಂದು ಅಂತಲೋ.
ನಾನು ಅವಳನ್ನು ಕೇಳಲೇ ಇಲ್ಲ, ಗೌಸಿಯಾಬಿಯ ನಾಲ್ಕನ್ನೇ
ಎಲ್ಲರ ನಾಲ್ಕು ಅಂದುಕೊಂಡೆ.
ಇದನ್ನು ಇಲ್ಲಿ ಹೇಳಬಾರದಿತ್ತೇನೋ. ಹೇಳಿಯಾಗಿತ್ತು.

"ಮತ್ತೆ ಆ ಅಮ್ಮ? ಹೋದರೇ?"
ಬಕ್ರೀದಿಗೆ ಒಬ್ಬಳೇ ಹೋದಳು.
ದಾರಿಯುದ್ದಕ್ಕೂ ಅಂಗಡಿ ಬೋರ್ಡಿನಲ್ಲಿ
"ನಮ್ಮ ಹ" ಸಿಕ್ಕಿತಂತೆ, ಹನ್ನೊಂದು ಸಲ.
ಆದರೆ ಬಂದವಳೇ ಬೈದಳು ನನ್ನನ್ನು:
"ಹೋಗೋಕೆ ಮಾತ್ರ ಕಲಿಸಿದ್ದೀಯ!
ವಾಪಸು ಬರೋ ಬಸ್ಸಿಗೆ ಐದಕ್ಷರ ಬೇಕು."
ಸರ್, ದಾವಣಗೆರೆ ನಡೀತಾ ಇದೆ. ಣ ಹತ್ತಿರ ನಿಂತಿದ್ದೀವಿ.

ಕನ್ನಡಕದವರು ಏನೋ ಬರೆದುಕೊಂಡರು.
ನನ್ನ ಕಡೆಯಿಂದ ಅದು ತಲೆಕೆಳಗು, ಓದಲಾಗಲಿಲ್ಲ.
"ಆಯ್ತಮ್ಮ, ತಿಳಿಸ್ತೀವಿ."
ಎದ್ದವಳು ಕುರ್ಚಿ ಹಿಡಿದು ನಿಂತೆ. ಬಾಯಿ ಸುಮ್ಮನಿರಲಿಲ್ಲ:
ಯಾವ ದಿನ, ಸರ್?
ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹೊರಗೆ ಬಾಗಿಲಿಗೆ ಅಂಟಿಸಿದ ಹಾಳೆ: ಸಂದರ್ಶನ.
ಮೆಟ್ಟಿಲಿಳಿಯುತ್ತ ಎಣಿಸಿದೆ. ಅದೂ ನಾಲ್ಕೇ.
ಒಂದು ಸೊನ್ನೆ ಇದೆ, ಒಂದು ಅರ್ಕಾವತ್ತಿದೆ.
ಎರಡನ್ನೂ ಅವರಿಗೆ ಇನ್ನೂ ಹೇಳಿಕೊಟ್ಟಿಲ್ಲ.