ಎರವಲು ಗುಂಡಿ, ಮೂವತ್ತೊಂದನೇ ಕಿಲೋಮೀಟರ್

ಕೊಟಿಡೊ ರಸ್ತೆಯ ಎಡಮಗ್ಗುಲಿಗೆ
ಎಮುರೊನ್ ಜೀಪು ನಿಲ್ಲಿಸಿದ.
ಇಂಜಿನ್ನು ಆರಿದ ಮೇಲೆ ಕರಮೋಜಾದ ಗಾಳಿ,
ಎಲ್ಲೋ ಒಂದು ಆಡಿನ ಕೊರಳ ತಗಡು.
ಕಾಗದದ ಪ್ರಕಾರ ಇಲ್ಲಿ ಏನೂ ಇಲ್ಲ.
ಏನೂ ಇಲ್ಲ ಎಂಬುದನ್ನು ಖಾತ್ರಿ ಮಾಡುವುದಕ್ಕೆ
ನನಗೆ ಸಂಬಳ.

ಗುದ್ದಲಿ, ಟೇಪು, ಕೆಂಪು ಬಳಿದ ನಾಲ್ಕು ಗೂಟ,
ಮಣ್ಣು ತುಂಬಲು ಹಳೇ ಹಿಟ್ಟಿನ ಚೀಲ.
ಮೊಣಕಾಲುದ್ದ ತೋಡಿದೆವು.
ಮೇಲ್ಮಣ್ಣು ನಾಲ್ಕೇ ಬೆರಳು, ಪೂರ್ತಿ ಬೇರಿನ ಜಾಳಿಗೆ.
ಅದರ ಕೆಳಗೆ ಗರಸು, ಅಪ್ಪಟ ಮುರಂ,
ಹುರಿದ ಜೋಳದ ಹಾಗೆ ಕಾಳು ಕಾಳು,
ಮುಷ್ಟಿಯಲ್ಲಿ ಹಿಡಿದರೆ ಒಂದನ್ನೊಂದು ಕಚ್ಚಿಕೊಳ್ಳುವ ಜಾತಿ.
ಇಂಜಿನಿಯರಿಗೆ ಇಂಥದೇ ಬೇಕು:
ರೋಲರಿನ ಕೆಳಗೆ ಹೇಳಿದ ಮಾತು ಕೇಳುವ ಮಣ್ಣು.

ಹಳ್ಳ ಎಷ್ಟು ದೂರ? ಇನ್ನೂರ ಹತ್ತು ಹೆಜ್ಜೆ.
ಈಗ ಬರೀ ಮರಳು. ಮಳೆಗೆ ಅದು ಎಲ್ಲಿಯವರೆಗೆ ಬರುತ್ತದೆಂದು
ಮುಳ್ಳುಕೊಂಬೆಗೆ ಸಿಕ್ಕ ಹುಲ್ಲಿನ ಸಿಂಬೆ ಹೇಳುತ್ತಿತ್ತು,
ನನ್ನ ಸೊಂಟದೆತ್ತರದಲ್ಲಿ.
ಬರೆದುಕೊಂಡೆ.
ಮರ ಹದಿಮೂರು. ಅದರಲ್ಲಿ ಹುಣಸೆ ಒಂದು,
ಅದರ ಬೊಡ್ಡೆ ನುಣ್ಣಗೆ ಸವೆದಿದೆ,
ಒರಗಿ ಕೂತವರ ಬೆನ್ನಿಗೆ.
ಅಂದರೆ ಇಲ್ಲಿ ಜನ ಸೇರುತ್ತಾರೆ.
ಅಂದರೆ ಕಾಗದ ಸುಳ್ಳು ಹೇಳಿತು.

ಆಗ ಬಂದವಳು ನಕುಟ್.
ತಲೆಯ ಮೇಲಿನ ಸೌದೆ ಹೊರೆ ಇಳಿಸಲಿಲ್ಲ.
ನನ್ನ ಮೂರನೇ ಗೂಟವನ್ನು ನೋಡಿದಳು, ಆಮೇಲೆ ನನ್ನನ್ನು.
‘ಈ ಹುತ್ತ ನನ್ನದು.’
ನಮ್ಮ ತೇಸೋಗೆ ದಾಯಾದಿ ಅವಳ ಭಾಷೆ,
ಅರ್ಧ ತಿಳಿಯುತ್ತದೆ, ಉಳಿದರ್ಧ ಕೈ ಹೇಳುತ್ತದೆ.
ಅತ್ತೆ ಕೊಟ್ಟದ್ದಂತೆ. ಅತ್ತೆಗೆ ಅವಳ ಅತ್ತೆ.
ಮೊದಲ ಮಳೆ ಬಿದ್ದ ರಾತ್ರಿ ದೀಪ ಹಿಡಿದು ಕೂತರೆ
ರೆಕ್ಕೆಯ ಹುಳು ನಾಲ್ಕು ಕೊಡ.
ಕಿರಿಯವನು ಉಳಿದದ್ದು ಅದನ್ನು ತಿಂದೇ, ಆ ವರ್ಷ.
ಯಾವ ವರ್ಷ ಎಂದು ಕೇಳಲಿಲ್ಲ ನಾನು.
ಅವಳು ‘ಆ’ ಅಂದ ರೀತಿಯಲ್ಲೇ ತಾರೀಖು ಇತ್ತು.

ನಮೂನೆಯಲ್ಲಿ ಮನೆಗೆ ಕಾಲಂ ಇದೆ, ಬೆಳೆಗೆ ಇದೆ, ಗೋರಿಗೆ,
ದೇವರಿಗೂ ಇದೆ, ಚಿಕ್ಕದು.
ಹುತ್ತಕ್ಕೆ ಇಲ್ಲ.

‘ಹಳೇ ಗುಂಡಿ ನೋಡಿ ಬರೋಣ’ ಅಂದ ಎಮುರೊನ್,
‘ಇಪ್ಪತ್ತೆಂಟನೇ ಕಲ್ಲಿನ ಹತ್ತಿರದ್ದು.’
ಹಿಂದಿನ ಕಂಪನಿ ಅಲ್ಲಿಂದ ಕಡ ತಂದಿತ್ತು;
ತೀರಿಸದೆ ಊರು ಬಿಟ್ಟಿತು.
ಗೋಡೆಯಂಥ ದಂಡೆ. ಹಾಲು ಕೆಟ್ಟ ಚಹಾದ ಬಣ್ಣದ ನೀರು.
ಸೊಳ್ಳೆಮರಿ. ಒಂದು ಪ್ಲಾಸ್ಟಿಕ್ ಚಪ್ಪಲಿ,
ಎಡಗಾಲಿನದು, ನನ್ನ ಅಂಗೈಯಷ್ಟು.
‘ಮುಚ್ಚಿಸತಕ್ಕದ್ದು’ ಎಂದು ಬರೆಯುವಷ್ಟರಲ್ಲಿ
ಒಂದು ಮಂದೆ ಆಡು ಜಾರಿ ಇಳಿದವು,
ಅವುಗಳ ಹಿಂದೆ ಲೊಂಗೊಲೆ ಎಂಬ ಹುಡುಗ.
ಆಡು ಕುಡಿದವು. ಅವನೂ ಕುಡಿದ.
‘ಮುಚ್ಚಿಬಿಡುತ್ತೀರಾ?’ ಅಂದ, ಬಾಯಿ ಒರೆಸದೆ.
ಈ ಚಪ್ಪಲಿ ಯಾರದು ಅಂದೆ.
ಅವನು ಆಡುಗಳನ್ನು ಎಣಿಸತೊಡಗಿದ.

ಬರೆದದ್ದನ್ನು ಹೊಡೆದುಹಾಕಿದೆ.
‘ಒಂದು ಕಡೆಯಾದರೂ ಇಳಿಜಾರು ಮಾಡತಕ್ಕದ್ದು.’
ಇದನ್ನು ಯಾರು ಓದುತ್ತಾರೆ, ಗೊತ್ತಿಲ್ಲ.

ಇಳಿಹೊತ್ತಿಗೆ ವಾಪಸು ಬಂದು ಮೂರನೇ ಗೂಟ ಕಿತ್ತು
ಮೂವತ್ತೆರಡು ಹೆಜ್ಜೆ ಈಚೆ ಹೊಡೆದೆ.
ಲೆಕ್ಕದಲ್ಲಿ ಇನ್ನೂರು ಲಾರಿ ಖೋತಾ.
ಫೋನಿನಲ್ಲಿ ಇಂಜಿನಿಯರು, ಯಾಕೆ ಅಂದ.
ಹುತ್ತ ಅಂದರೆ ನಗುತ್ತಾನೆ.
ನೀರಿನ ಹಾದಿ ಅಂದೆ. ಅದಕ್ಕೆ ಕಾಲಂ ಇದೆ.

ಹೊರಡುವ ಮುಂಚೆ ನಾವು ತೋಡಿದ ಕುಳಿ ಮುಚ್ಚಿದೆವು.
ಚೀಲಕ್ಕೆ ಹೋದ ಎರಡು ಕಿಲೋ ಬಿಟ್ಟು
ಉಳಿದದ್ದೆಲ್ಲ ಹಾಕಿದರೂ,
ಕಡಿಮೆ ಬೀಳಬೇಕಾದದ್ದು ಹೆಚ್ಚೇ ಆಯಿತು,
ನೆಲ ಅಲ್ಲಿ ಚೂರು ಉಬ್ಬಿ ನಿಂತಿತು.
ಎಮುರೊನ್ ಬೂಟಿನಲ್ಲಿ ಮೆಟ್ಟಲು ಹೋದ.
ಬೇಡ ಅಂದೆ.
ಅವನು ಯಾಕೆಂದು ಕೇಳಲಿಲ್ಲ.