ಹನ್ನೆರಡು ಮೈಕ್ರಾನ್

ವಿದ್ಯಾನಗರದ ಕಾಲೇಜು, ವರ್ಕ್‌ಶಾಪಿನ ಮೊದಲ ದಿನ.
ಜಡಿ ಏಪ್ರನ್ನಿನೊಳಗ ಸೇರಿಸಿ ನಿಂತಿದ್ದೆ.
ಲೇಥಿನ ನದಾಫ್ ಮಾಸ್ತರು ಹೆಸರು ಕೇಳಲಿಲ್ಲ,
ಅಂಗೈ ನೋಡಿದರು.
"ಒಣಾ ಕೈ. ಛಲೋ ಆತು. ಮುಟ್ಟಿದ್ದಕ್ಕ ತುಕ್ಕು ಹಿಡಿಯೂದಿಲ್ಲ."

ಪುಸ್ತಕದಾಗ ಕಬ್ಬಿಣಕ್ಕ ವಾಸನಿ ಇರಲಿಲ್ಲ.
ಇಲ್ಲಿ ಕೂಲಂಟು ಹಾಲಿನಂಗ ಹರೀತಿತ್ತು,
ನೀಲಿ ಸುರುಳಿಯೊಂದು ಸಿಡಿದು ಮೊಣಕೈಗೆ ಕೂತು
ಇನ್ನೂ ಐತಿ ಗುರುತು, ಜೋಳದ ಕಾಳಿನಷ್ಟು.

"ಹೆಚ್ಚಾದರ ಕಡೀಬಹುದು ತಂಗಿ,
ಕಡಿಮಿ ಆದರ ಎಲ್ಲಿಂದ ತರತಿ?"
ಮತ್ತ, "ಬಿಸಿ ಇದ್ದಾಗ ಅಳೀಬ್ಯಾಡ,
ಬಿಸಿ ಕಬ್ಬಿಣ ಸುಳ್ಳು ಹೇಳತೈತಿ."

ಕಡೀ ವೈವಾದಾಗ ಹೊರಗಿನಿಂದ ಬಂದ ಸಾಹೇಬರು,
"ಈ ಬ್ರಾಂಚು ಯಾಕ ತಗೊಂಡ್ರಿ?"
ಉಳಿದವರೆಲ್ಲ "ಸ್ಕೋಪ್ ಐತ್ರೀ" ಅಂದಿದ್ದರು.
"ಕಂಪ್ಯೂಟರ್ ಸೀಟು ಸಿಗಲಿಲ್ರೀ," ಅಂದೆ ನಾನು.
ಗೋಡಿಗೆ ಆತು ನಿಂತಿದ್ದ ಮಾಸ್ತರು ನಕ್ಕಿದ್ದರು.

ಈಗ ಮಲ್ಲಸರ್ಜ ಬ್ಯಾಡಗಿಯ ಖಾರದ ಮಿಲ್ಲುಗಳಿಗೆ ಮಷೀನು ಕೂಡಿಸ್ತಾನ,
ಫೋನಿನೊಳಗೂ ಸೀನ್ತಾನ.
ರೇಷ್ಮಾ ಬೇಲೇರಿ ರೈಲ್ವೆ ವರ್ಕ್‌ಶಾಪಿನಾಗ
ಬೋಗಿಯ ಹೊಟ್ಟಿ ಕೆಳಗ ಬ್ಯಾಟರಿ ಹಿಡಕೊಂಡು ಮಲಗಿರತಾಳ.
ಕಬಾಡಿ ಟೂಲು ಮಾರ್ಕೋತ
ಗೋಕುಲ ರೋಡಿನ ಒಂದೊಂದು ಶೆಡ್ಡಿನ ಚಹಾನೂ ಕುಡದಾನ.
ಒಬ್ಬಾಂವ ಬ್ಯಾಂಕಿನಾಗ ಅದಾನ. ಅವನ ಸುದ್ದಿ ತೆಗೆಯೂದಿಲ್ಲ ನಾವು.

ನಾನು ತಾರಿಹಾಳದಾಗ, ವಾಲ್ವ್ ಕಾರ್ಖಾನಿಯಾಗ.
ಇಪ್ಪತ್ತು ಡಿಗ್ರಿಯ ಕ್ವಾಲಿಟಿ ರೂಮು, ಮೇ ತಿಂಗಳಲ್ಲೂ ಸ್ವೆಟರು.
ಹೌದು ಅನ್ನೂದು, ಇಲ್ಲಾ ಅನ್ನೂದು,
ಸಹಿ ಮಾಡೂದು.

ಮಂಗಳವಾರ ನಲವತ್ತು ಸ್ಪಿಂಡಲ್ ಬಂದವು.
ಚೀಟಿ ಮ್ಯಾಲ: ನದಾಫ್ ಇಂಜಿನಿಯರಿಂಗ್ ವರ್ಕ್ಸ್.
ರಿಟೈರಾದ ಮ್ಯಾಲ ಎರಡು ಹಳೇ ಲೇಥು ಹಾಕ್ಯಾರಂತ ಕೇಳಿದ್ದೆ.
ಮೂರು ಅಳದೆ. ಮತ್ತ ಅವನ್ನ ಅಳದೆ.
ಊಟಕ್ಕ ಹೋಗಿ ಬಂದು
ನಲವತ್ತೂ ಅಳದೆ.
ಹನ್ನೆರಡು ಮೈಕ್ರಾನ್ ಕಡಿಮಿ.

ಅವರ ಬಂದರು, ಮೊಪೆಡ್ಡಿನ ಮ್ಯಾಲ, ಕೊರಳಾಗ ಟವೆಲ್.
ಒಂದು ಸ್ಪಿಂಡಲ್ ಅಂಗೈಯಾಗ ತೂಗಿದರು,
ಗೋಡಿ ಮ್ಯಾಲಿನ ಥರ್ಮಾಮೀಟರ್ ನೋಡಿದರು,
ಅಷ್ಟರಾಗ ಅವರಿಗೆ ತಿಳೀತು.
"ತಗಡಿನ ಶೆಡ್ಡು ತಂಗಿ," ಅಂದರು.
ಸ್ವಲ್ಪ ತಡದು, "ಸಂಜೀಕೇ ಬೇಕಂದಿದ್ರಿ."
ಹೌದು, ನಾವ ಅಂದಿದ್ದೆವು.

ಕೆಂಪು ಚೀಟಿಗೆ ಸಹಿ ಹಾಕಿದೆ.
ಗೋಣಿಚೀಲಕ್ಕ ತುಂಬಿ ಅವರ ಮೊಪೆಡ್ಡಿಗೆ ಕಟ್ಟಿದರು,
ಗಂಟು ಎರಡು ಸಲ ಜಗ್ಗಿ ನೋಡಿದರು.

ಒಳಗ ಬಂದೆ. ಇಪ್ಪತ್ತು ಡಿಗ್ರಿಯೊಳಗ
ಅಂಗೈ ಒದ್ದಿ ಆಗಿತ್ತು.
ಮೈಕ್ರೋಮೀಟರ್ ಒರಸಿ, ಎಣ್ಣಿ ಹಚ್ಚಿ
ಪೆಟ್ಟಿಗ್ಯಾಗ ಇಟ್ಟೆ.